ಅಂಗನವಾಡಿಯೋ, ಸರ್ಕಾರಿ ಎಲ್‌ಕೆಜಿಯೋ? ಮೊದಲು ಮಗಳ ಹುಟ್ಟಿದ ತಾರೀಖು ನೋಡಿ

ಪ್ರಶ್ನೆ: ನಾವು ಕೆಂಗೇರಿ ಉಪನಗರ ದಾಟಿ ಕೊಮ್ಮಘಟ್ಟದ ಕಡೆ ಒಂದು ಹೊಸ ಬಡಾವಣೆಯಲ್ಲಿ ಬಾಡಿಗೆಗೆ ಇದ್ದೇವೆ. ಮಗಳು ಹುಟ್ಟಿದ್ದು 2022ರ ಸೆಪ್ಟೆಂಬರ್ 20. ಈ ಜೂನ್‌ಗೆ, ಅಂದರೆ 2026ಕ್ಕೆ, ಎಲ್ಲಾದರೂ ಸೇರಿಸಬೇಕು ಅಂತಿದ್ದೇವೆ. ಪ್ರೈವೇಟ್ ಪ್ರೀಸ್ಕೂಲ್ ಫೀಸು ನಮ್ಮ ಕೈಗೆ ಎಟುಕುವುದಿಲ್ಲ. ಹತ್ತಿರದಲ್ಲಿ ಮೂರು ಸರ್ಕಾರಿ ಜಾಗಗಳಿವೆ. ಹಿಂದಿನ ಬೀದಿಯಲ್ಲಿ ಬಾಡಿಗೆ ಕೋಣೆಯಲ್ಲಿ ನಡೆಯುವ ಅಂಗನವಾಡಿ, ಸ್ವಲ್ಪ ದೂರದಲ್ಲಿ ‘ಸರ್ಕಾರಿ ಮಾಂಟೆಸ್ಸರಿ’ ಅಂತ ಬೋರ್ಡ್ ಹಾಕಿರುವ ಇನ್ನೊಂದು ಅಂಗನವಾಡಿ, ಎರಡು ಕಿಲೋಮೀಟರ್ ಆಚೆ ಎಲ್‌ಕೆಜಿ ಇರುವ ಸರ್ಕಾರಿ ಶಾಲೆ. ನಾನು ಕುಂಬಳಗೋಡಿಗೆ ಕೆಲಸಕ್ಕೆ ಹೋಗುತ್ತೇನೆ, ಮನೆಗೆ ಬರುವುದು ಸಂಜೆ ಆರೂವರೆ. ಅತ್ತೆ ಮನೆಯಲ್ಲಿದ್ದಾರೆ, ಆದರೆ ಅವರಿಗೆ ಮಂಡಿ ನೋವು. ಅಂಗನವಾಡಿ ಅಂದರೆ ಊಟ ಹಾಕಿ ಮಲಗಿಸುವ ಜಾಗ, ಅಲ್ಲಿ ಏನು ಕಲಿಸುತ್ತಾರೆ ಅಂತ ನಮ್ಮ ಯಜಮಾನರ ವಾದ. ಮೂರರಲ್ಲಿ ಯಾವುದು ಒಳ್ಳೆಯದು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಈ ಜೂನ್‌ಗೆ ಮಗಳನ್ನು ಅಂಗನವಾಡಿಗೆ ಸೇರಿಸಿ. ಎಲ್‌ಕೆಜಿ ವಿಷಯ 2027ಕ್ಕೆ ನೋಡಿದರೆ ಸಾಕು. ಎರಡು ಅಂಗನವಾಡಿಗಳಲ್ಲಿ ಯಾವುದು ಅನ್ನುವುದನ್ನು ಮಾತ್ರ ನಾನು ಇಲ್ಲಿ ಕೂತು ಹೇಳಲಾರೆ. ನೀವಿಬ್ಬರಲ್ಲಿ ಒಬ್ಬರು ಒಂದು ಬೆಳಿಗ್ಗೆ ರಜೆ ಹಾಕಿ ಎರಡೂ ಕಡೆ ಹೋಗಿ ಕೂತು ನೋಡಬೇಕು. ಏನು ನೋಡಬೇಕು ಅನ್ನುವುದನ್ನು ಮುಂದೆ ಹೇಳುತ್ತೇನೆ. ನಾನು ವರ್ಷಗಟ್ಟಲೆ ಅಂಗನವಾಡಿ ಟೀಚರ್‌ಗಳಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದವಳು, ಈ ವಿಷಯ ಬಂದರೆ ಮಾತು ಸ್ವಲ್ಪ ಉದ್ದವಾಗುತ್ತದೆ.

ಮೊದಲು ವಯಸ್ಸಿನ ಲೆಕ್ಕ ಮುಗಿಸೋಣ, ಯಾಕೆಂದರೆ ನಿಮ್ಮ ಅರ್ಧ ಪ್ರಶ್ನೆ ಅಲ್ಲೇ ತೀರಿಹೋಗುತ್ತದೆ. ಕರ್ನಾಟಕದಲ್ಲಿ ಒಂದನೇ ಕ್ಲಾಸಿಗೆ ಸೇರಬೇಕಾದರೆ ಜೂನ್ 1ಕ್ಕೆ ಮಗುವಿಗೆ ಆರು ವರ್ಷ ತುಂಬಿರಬೇಕು. ಅದಕ್ಕೆ ತಕ್ಕಂತೆ ಯುಕೆಜಿಗೆ ಐದು, ಎಲ್‌ಕೆಜಿಗೆ ನಾಲ್ಕು. ಆದೇಶ ಬಂದಿದ್ದು 2022ರಲ್ಲಿ, ಜಾರಿಗೆ ಇಟ್ಟಿದ್ದು 2025-26ರಿಂದ. ಆ ವರ್ಷ ತುಂಬಾ ಪೋಷಕರು ಗಲಾಟೆ ಮಾಡಿದ್ದರಿಂದ, ಯುಕೆಜಿ ಮುಗಿಸಿದ ಮಕ್ಕಳಿಗೆ ಐದು ವರ್ಷ ಐದು ತಿಂಗಳಾಗಿದ್ದರೂ ಸಾಕು ಅಂತ ಆ ಒಂದು ಸಲಕ್ಕೆ ಸಡಿಲ ಮಾಡಿದರು. ಪ್ರತಿ ವರ್ಷ ಹೀಗೆ ಸಡಿಲ ಆಗುತ್ತದೆ ಅಂತ ನಂಬಿಕೊಂಡು ಲೆಕ್ಕ ಹಾಕಬೇಡಿ.

ನಿಮ್ಮ ಮಗಳಿಗೆ 2026ರ ಜೂನ್ 1ಕ್ಕೆ ಮೂರು ವರ್ಷ ಎಂಟು ತಿಂಗಳು. ಎಲ್‌ಕೆಜಿಗೆ ನಾಲ್ಕು ತಿಂಗಳು ಕಮ್ಮಿ. ಕೆಲವು ಪ್ರೈವೇಟ್ ಕಡೆ ‘ಪರವಾಗಿಲ್ಲ ಮೇಡಂ, ಸೇರಿಸಿಕೊಳ್ಳುತ್ತೇವೆ’ ಅನ್ನುತ್ತಾರೆ. ಸೇರಿಸಿಕೊಂಡರೆ ಏನಾಗುತ್ತದೆ ನೋಡಿ: 2026ಕ್ಕೆ ಎಲ್‌ಕೆಜಿ, 2027ಕ್ಕೆ ಯುಕೆಜಿ, 2028ರ ಜೂನ್‌ಗೆ ಒಂದನೇ ಕ್ಲಾಸಿನ ಬಾಗಿಲಲ್ಲಿ ನಿಂತಾಗ ಅವಳಿಗೆ ಐದು ವರ್ಷ ಎಂಟು ತಿಂಗಳು. ಬಾಗಿಲು ತೆಗೆಯುವುದಿಲ್ಲ. ಗೆಳತಿಯರೆಲ್ಲ ಮುಂದಕ್ಕೆ ಹೋದ ಮೇಲೆ ಇವಳು ಯುಕೆಜಿಯಲ್ಲೇ ಇನ್ನೊಂದು ವರ್ಷ ಕೂರಬೇಕು. ಆ ವಯಸ್ಸಿನ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ, ಗೊತ್ತಾಗಲ್ಲ ಅಂತ ನಾವು ಅಂದುಕೊಂಡಿರುತ್ತೇವೆ ಅಷ್ಟೇ. ಅದರ ಬದಲು 2027ಕ್ಕೆ ಎಲ್‌ಕೆಜಿ, 2028ಕ್ಕೆ ಯುಕೆಜಿ, 2029ಕ್ಕೆ ಆರು ವರ್ಷ ಎಂಟು ತಿಂಗಳಲ್ಲಿ ಒಂದನೇ ಕ್ಲಾಸು. ‘ದೊಡ್ಡವಳಾಗಿಬಿಡುತ್ತಾಳಲ್ಲ’ ಅಂತ ಅತ್ತೆ ಅನ್ನಬಹುದು. ಅವಳ ಕ್ಲಾಸಿನಲ್ಲಿ ಅರ್ಧ ಮಕ್ಕಳು ಅದೇ ವಯಸ್ಸಿನವರಿರುತ್ತಾರೆ ಅಂತ ಹೇಳಿ.

ಹಾಗಾದರೆ ನಿಮಗೆ ಬೇಕಾಗಿರುವುದು ಈ ಒಂದು ವರ್ಷಕ್ಕೆ ಒಳ್ಳೆಯ ಜಾಗ. ಅದಕ್ಕೆ ಅಂತಲೇ ಇರುವುದು ಅಂಗನವಾಡಿ.

ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಅಂಗನವಾಡಿ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ ಪ್ರಯೋಗಕ್ಕೆ ಅಂತ ಆರಂಭಿಸಿದ ಯೋಜನೆಯಲ್ಲಿ. ನಮ್ಮ ರಾಜ್ಯದಲ್ಲಿ ಮೊದಲು ಬಂದಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಈಗ ಕರ್ನಾಟಕದಲ್ಲಿ 65 ಸಾವಿರಕ್ಕಿಂತ ಜಾಸ್ತಿ ಅಂಗನವಾಡಿಗಳಿವೆ. ಊಟ ಅದರ ಒಂದು ಕೆಲಸ. ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲೆಗೆ ಮುಂಚಿನ ಕಲಿಕೆ ಕೊಡುವುದೂ ಮೊದಲಿನಿಂದಲೂ ಅದರ ಕೆಲಸವೇ. ರಾಜ್ಯದ ಅಂಗನವಾಡಿಗಳಿಗೆ ‘ಚಿಲಿಪಿಲಿ’ ಅಂತ ಒಂದು ಪಠ್ಯಕ್ರಮ ಇದೆ. ನನ್ನ ಕುಟುಂಬ, ಹಣ್ಣು ತರಕಾರಿ, ಪ್ರಾಣಿ ಪಕ್ಷಿ, ನೀರು, ವಾಹನ ಹೀಗೆ ಒಂದೊಂದು ವಿಷಯ ಹಿಡಿದು ಹಾಡು, ಕಥೆ, ಆಟ, ಚಿತ್ರ ಎಲ್ಲ ಅದರ ಸುತ್ತ ಮಾಡಿಸುವಂಥದ್ದು. ಪುಸ್ತಕ ಚೆನ್ನಾಗಿದೆ. ಅದನ್ನು ನಿಜಕ್ಕೂ ಮಾಡಿಸುತ್ತಾರಾ ಅನ್ನುವುದು ಬೇರೆ ಪ್ರಶ್ನೆ, ಮತ್ತು ನಿಮ್ಮ ಯಜಮಾನರು ಎಲ್ಲೋ ನೋಡಿಯೇ ಹಾಗೆ ಹೇಳಿರುತ್ತಾರೆ. ಬರೀ ಊಟ ಹಾಕಿ ಮಲಗಿಸುವ ಅಂಗನವಾಡಿಗಳೂ ಇವೆ, ಇಲ್ಲ ಅಂತ ನಾನು ಹೇಳುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಮಾತ್ರ ಅಂಗನವಾಡಿ ಅಂತ ಬಡಾವಣೆಯ ಜನ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಆರು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಈ ಸೇವೆ ಸಿಗಬೇಕು ಅಂತ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲೇ ಹೇಳಿದೆ. ಆದಾಯ ಪ್ರಮಾಣಪತ್ರ ತನ್ನಿ ಅಂತ ಯಾರೂ ಕೇಳುವಂತಿಲ್ಲ. ಬಾಡಿಗೆ ಮನೆಯವರು, ಬೇರೆ ಜಿಲ್ಲೆಯಿಂದ ಬಂದವರು, ಬೇರೆ ರಾಜ್ಯದವರು ಯಾರಾದರೂ ಸೇರಿಸಬಹುದು.

ಈಗ ಮೂರು ಜಾಗಗಳ ನಿಜವಾದ ವ್ಯತ್ಯಾಸ. ಬೋರ್ಡು, ಬಣ್ಣ, ಸಮವಸ್ತ್ರ ಇವನ್ನೆಲ್ಲ ಬಿಡಿ. ಮಗುವಿನ ಜೊತೆ ಕೋಣೆಯಲ್ಲಿ ಇರುವವರು ಯಾರು, ಅವರು ಮುಂದಿನ ವರ್ಷವೂ ಇರುತ್ತಾರಾ, ದಿನದಲ್ಲಿ ಎಷ್ಟು ಹೊತ್ತು ಮಕ್ಕಳ ಜೊತೆಗೇ ಇರುತ್ತಾರೆ? ನಾನು ಹೋಲಿಸುವುದು ಇಷ್ಟನ್ನೇ.

ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಟೀಚರ್ ಹೆಚ್ಚಾಗಿ ಅದೇ ಏರಿಯಾದವರು. ಒಮ್ಮೆ ಸೇರಿದರೆ ವರ್ಷಗಟ್ಟಲೆ ಅಲ್ಲೇ ಇರುತ್ತಾರೆ. ಮೊದಲು ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಕಿತ್ತು, ಈಗ ಪಿಯುಸಿ ಕೇಳುತ್ತಾರೆ. ಜೊತೆಗೆ ಒಬ್ಬ ಸಹಾಯಕಿ. ನಿಮ್ಮ ಮಗಳು ಅಳುತ್ತಾ ಬಂದರೆ ಅವಳ ಅಜ್ಜಿ ಯಾರು, ಮನೆ ಯಾವುದು, ನಿನ್ನೆ ಜ್ವರ ಇತ್ತಾ ಅಂತ ಟೀಚರಿಗೆ ಗೊತ್ತಿರುತ್ತದೆ. ಇದು ದೊಡ್ಡ ಲಾಭ. ನಷ್ಟ ಏನೆಂದರೆ ಆ ಟೀಚರಮ್ಮನ ತಲೆ ಮೇಲೆ ಹತ್ತಾರು ಕೆಲಸ ಹೇರಿರುತ್ತಾರೆ. ಮೊಬೈಲ್‌ನಲ್ಲಿ ಪೋಷಣ್ ಟ್ರ್ಯಾಕರ್ ಅನ್ನುವ ಸರ್ಕಾರಿ ಆ್ಯಪ್‌ನಲ್ಲಿ ಲೆಕ್ಕ ತುಂಬಬೇಕು, ಮಕ್ಕಳ ತೂಕ ಎತ್ತರ ಅಳೆಯಬೇಕು, ಗರ್ಭಿಣಿಯರ ಪಟ್ಟಿ, ಬಾಣಂತಿಯರ ಪಟ್ಟಿ, ಮನೆ ಮನೆ ಸಮೀಕ್ಷೆ, ಎಷ್ಟೋ ಕಡೆ ಮತದಾರರ ಪಟ್ಟಿಯ ಕೆಲಸ ಕೂಡ. ಇಷ್ಟಕ್ಕೆ ಸಿಗುವುದು ಗೌರವಧನ, ಸಂಬಳ ಅಲ್ಲ. ಒಳ್ಳೆಯ ಟೀಚರ್ ಇದ್ದೂ ಕೋಣೆಯಲ್ಲಿ ಟೀಚರ್ ಇಲ್ಲದ ದಿನಗಳು ಬರುವುದು ಇದಕ್ಕೇ.

ಸರ್ಕಾರಿ ಶಾಲೆಯ ಎಲ್‌ಕೆಜಿ, ಯುಕೆಜಿ ಶಿಕ್ಷಣ ಇಲಾಖೆಯದು. 2018-19ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದಾಗಿನಿಂದ ಇದಕ್ಕೆ ಬೇಡಿಕೆ ಜಾಸ್ತಿಯಾಯಿತು. ಎಲ್‌ಕೆಜಿಗೆ ಸೇರಿದ ಮಗು ಅದೇ ಕಾಂಪೌಂಡಿನಲ್ಲಿ ಪಿಯುಸಿ ತನಕ ಓದಬಹುದು ಅನ್ನುವುದು ಅದರ ಆಕರ್ಷಣೆ. ಆಮೇಲೆ ಬೇರೆ ಸರ್ಕಾರಿ ಶಾಲೆಗಳಲ್ಲೂ ಎಲ್‌ಕೆಜಿ ತೆರೆದರು. ಕಟ್ಟಡ ಅಂಗನವಾಡಿಗಿಂತ ಗಟ್ಟಿ, ಆಟದ ಮೈದಾನ ಇರುತ್ತದೆ. ಸಮಸ್ಯೆ ಇರುವುದು ಟೀಚರ್ ವಿಷಯದಲ್ಲಿ. ಎಲ್‌ಕೆಜಿಗೆ ಸಾಮಾನ್ಯವಾಗಿ ಅತಿಥಿ ಶಿಕ್ಷಕರನ್ನು ಇಟ್ಟಿರುತ್ತಾರೆ, ಅವರ ನೇಮಕ ಆಯಾ ವರ್ಷಕ್ಕೆ. ಜೂನ್‌ನಲ್ಲಿ ಮಕ್ಕಳು ಬಂದರೂ ಟೀಚರ್ ಬರುವುದು ತಡವಾಗಬಹುದು. ಈ ವರ್ಷ ಇದ್ದ ಮಿಸ್ ಮುಂದಿನ ವರ್ಷ ಇರುತ್ತಾರೆ ಅನ್ನುವ ಖಾತ್ರಿ ಇಲ್ಲ. ಆದರೆ ಇದ್ದಷ್ಟು ಹೊತ್ತು ಅವರ ಕೆಲಸ ಪಾಠ ಮಾತ್ರ, ಸಮೀಕ್ಷೆಗೆ ಅಲೆಯುವುದಿಲ್ಲ.

ಅಂದರೆ ಒಂದು ಕಡೆ ಟೀಚರ್ ವರ್ಷಗಟ್ಟಲೆ ಇರುತ್ತಾರೆ, ದಿನದಲ್ಲಿ ಪುರುಸೊತ್ತಿಲ್ಲ. ಇನ್ನೊಂದು ಕಡೆ ದಿನದಲ್ಲಿ ಪುರುಸೊತ್ತಿದೆ, ಮುಂದಿನ ವರ್ಷದ ಖಾತ್ರಿ ಇಲ್ಲ. ಮೂರೂವರೆ ವರ್ಷದ ಮಗುವಿಗೆ, ಮೊದಲ ಸಲ ಮನೆ ಬಿಟ್ಟು ಹೋಗುವಾಗ, ಗುರುತಿನ ಮುಖ ಮತ್ತು ಹತ್ತಿರದ ಜಾಗ ಮುಖ್ಯ. ಐದು ವರ್ಷದ ಮಗುವಿಗೆ ದೊಡ್ಡ ಅಂಗಳ, ಓರಗೆಯ ಮಕ್ಕಳು, ಸ್ವಲ್ಪ ಕ್ರಮವಾದ ಪಾಠ ಬೇಕಾಗುತ್ತದೆ. ನಾನು ಈ ವರ್ಷ ಅಂಗನವಾಡಿ, ಮುಂದಿನ ವರ್ಷ ಎಲ್‌ಕೆಜಿ ನೋಡಿ ಅನ್ನುವುದಕ್ಕೆ ವಯಸ್ಸಿನ ನಿಯಮದ ಜೊತೆಗೆ ಇದೂ ಕಾರಣ.

ಇನ್ನು ‘ಸರ್ಕಾರಿ ಮಾಂಟೆಸ್ಸರಿ’. ಇದು ಹೇಗೆ ಬಂತು ಗೊತ್ತಾ? ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ತೆರೆಯುತ್ತಾ ಹೋದರೆ ನಮ್ಮಲ್ಲಿಗೆ ಮಕ್ಕಳೇ ಬರುವುದಿಲ್ಲ ಅಂತ ಅಂಗನವಾಡಿ ಕಾರ್ಯಕರ್ತೆಯರು 2024ರ ಜೂನ್‌ನಲ್ಲಿ ಬೆಂಗಳೂರಿಗೆ ಬಂದು ದೊಡ್ಡದಾಗಿ ಪ್ರತಿಭಟನೆ ಮಾಡಿದರು. ಅವರ ಭಯ ಸುಳ್ಳಲ್ಲ. ನಾಲ್ಕು ವರ್ಷದ ಮಕ್ಕಳೆಲ್ಲ ಶಾಲೆಗೆ ಹೋದರೆ ಅಂಗನವಾಡಿಯಲ್ಲಿ ಉಳಿಯುವವರು ಯಾರು? ಮುಂದಿನ ತಿಂಗಳೇ, ಜುಲೈನಲ್ಲಿ, ಬೆಂಗಳೂರಿನ 250 ಅಂಗನವಾಡಿಗಳಲ್ಲಿ ಎಲ್‌ಕೆಜಿ ಯುಕೆಜಿ ಶುರು ಮಾಡಿ ಸರ್ಕಾರಿ ಮಾಂಟೆಸ್ಸರಿ ಅಂತ ಹೆಸರಿಟ್ಟರು. ಇಲಾಖೆ ಅದೇ, ಟೀಚರ್ ಅವರೇ, ಊಟ ಅದೇ. ಮೇಲಿಂದ ಸ್ವಲ್ಪ ತರಬೇತಿ, ಕಲಿಕಾ ಸಾಮಾನು, ಸಮವಸ್ತ್ರ. ಸಾಮಾನ್ಯವಾಗಿ ಕಟ್ಟಡ ಸುಮಾರಾಗಿ ಚೆನ್ನಾಗಿರುವ ಕೇಂದ್ರಗಳನ್ನೇ ಇಂಥದ್ದಕ್ಕೆ ಆರಿಸುತ್ತಾರೆ, ಹಾಗಾಗಿ ನಿಮ್ಮ ಬಾಡಿಗೆ ಕೋಣೆಗಿಂತ ಅದು ನೋಡಲು ಚೆನ್ನಾಗಿ ಕಂಡರೆ ಆಶ್ಚರ್ಯ ಇಲ್ಲ.

ಮಾಂಟೆಸ್ಸರಿ ಅನ್ನುವ ಹೆಸರಿಗೇ ಮರುಳಾಗಬೇಡಿ. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ತಮ್ಮ ಮೊದಲ ಶಿಶುಮನೆ ತೆರೆದಿದ್ದು ರೋಮ್‌ನ ಸ್ಯಾನ್ ಲೊರೆಂಜೊ ಅನ್ನುವ ಬಡವರ ಕೇರಿಯಲ್ಲಿ, ಅಪ್ಪ ಅಮ್ಮ ಕೂಲಿಗೆ ಹೋದ ಮೇಲೆ ಬೀದಿಯಲ್ಲಿ ಉಳಿಯುತ್ತಿದ್ದ ಮಕ್ಕಳಿಗಾಗಿ. ಈಗ ನಮ್ಮೂರಲ್ಲಿ ಆ ಹೆಸರಿಗೆ ಲಕ್ಷ ಲಕ್ಷ ಕೇಳುತ್ತಾರೆ, ಅದು ಬಿಡಿ. ಆ ಪದ್ಧತಿಯಲ್ಲಿ ಮೂರರಿಂದ ಆರು ವರ್ಷದ ಮಕ್ಕಳು ಒಂದೇ ಕೋಣೆಯಲ್ಲಿ ಬೆರೆತಿರುತ್ತಾರೆ, ದೊಡ್ಡ ಮಕ್ಕಳನ್ನು ನೋಡಿ ಚಿಕ್ಕವರು ಕಲಿಯುತ್ತಾರೆ. ನಮ್ಮ ಸಾಮಾನ್ಯ ಅಂಗನವಾಡಿಯಲ್ಲಿ ಇರುವುದೂ ಹಾಗೇ ತಾನೇ? ಇನ್ನೊಂದು ಲಕ್ಷಣ, ಮಗು ತನಗೆ ಬೇಕಾದ ಸಾಮಾನನ್ನು ತಾನೇ ಎತ್ತಿಕೊಂಡು, ಸಾಕು ಅನ್ನಿಸುವ ತನಕ ಅದರಲ್ಲಿ ಮುಳುಗಿರುವುದು. ಹಾಗಾಗಿ ಬೋರ್ಡ್ ಓದುವ ಬದಲು ಕಲಿಕಾ ಸಾಮಾನು ಎಲ್ಲಿದೆ ನೋಡಿ. ಮಕ್ಕಳ ಕೈಗೆಟುಕುವ ಎತ್ತರದಲ್ಲಿ, ಸ್ವಲ್ಪ ಸವೆದು, ಒಂದೆರಡು ತುಂಡು ಕಳೆದುಹೋಗಿದ್ದರೆ ಅದು ಬಳಕೆಯಲ್ಲಿದೆ ಅಂತ ಅರ್ಥ. ಹೊಸ ಪ್ಯಾಕೆಟ್‌ನಲ್ಲೇ ಬೀರುವಿನೊಳಗೆ ಬೀಗ ಹಾಕಿಕೊಂಡು ಕೂತಿದ್ದರೆ ಏನು ಬೋರ್ಡ್ ಇದ್ದರೇನು. ಟೀಚರನ್ನು ಬೈಯಬೇಡಿ ಪಾಪ, ಒಡೆದರೆ ಸ್ಟಾಕ್ ಪುಸ್ತಕಕ್ಕೆ ಲೆಕ್ಕ ಕೊಡಬೇಕಾದವರು ಅವರು. ‘ಇದನ್ನು ಮಕ್ಕಳಿಗೆ ಯಾವಾಗ ಕೊಡುತ್ತೀರಾ ಮಿಸ್’ ಅಂತ ಸುಮ್ನೆ ಕೇಳಿ ನೋಡಿ.

ನೋಡಲು ಹೋಗುವುದು ಯಾವಾಗ? ಹತ್ತೂವರೆಯಿಂದ ಊಟದ ತನಕ. ಒಂಬತ್ತೂವರೆ ಹತ್ತಕ್ಕೆ ಮಕ್ಕಳು ಬರುತ್ತಿರುತ್ತಾರೆ, ಮಧ್ಯಾಹ್ನದ ಮೇಲೆ ಮಲಗಿರುತ್ತಾರೆ. ಆ ಮಧ್ಯದ ಎರಡು ಗಂಟೆಯೇ ನಿಜವಾದ ಶಾಲೆ. ತಿಂಗಳ ಸಭೆ, ಲಸಿಕೆ ಹಾಕುವ ದಿನ ಬೇಡ. ಸೇರಿಸುವ ಮುಂಚೆ ಒಂದ್ಸಲ ನೋಡಿಕೊಂಡು ಹೋಗುತ್ತೇವೆ ಅಂತ ಹೇಳಿ ಮೂಲೆಯಲ್ಲಿ ಚಾಪೆ ಮೇಲೆ ಕೂತುಬಿಡಿ. ಮಗಳನ್ನೂ ಕರೆದುಕೊಂಡು ಹೋಗಿ.

ಮೊದಲು ತಲೆ ಎಣಿಸಿ. ಹಾಜರಿ ಪುಸ್ತಕದಲ್ಲಿ ಇರುವ ಹೆಸರೆಷ್ಟು, ಕೋಣೆಯಲ್ಲಿ ಇರುವ ಮಕ್ಕಳೆಷ್ಟು? ಸ್ವಲ್ಪ ವ್ಯತ್ಯಾಸ ಎಲ್ಲ ಕಡೆ ಇರುತ್ತದೆ. ಮೂವತ್ತು ಹೆಸರಿಗೆ ಎಂಟೇ ಮಕ್ಕಳಿದ್ದರೆ ಸುತ್ತಲಿನ ತಾಯಂದಿರು ಯಾಕೆ ಕಳಿಸುತ್ತಿಲ್ಲ ಅಂತ ಹೊರಗೆ ವಿಚಾರಿಸಿ, ಆ ಬೀದಿಯ ಅಂಗಡಿಯವರೇ ಹೇಳುತ್ತಾರೆ. ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳಿಗೆ ನೋಡಿಕೊಳ್ಳುವವರು ಒಬ್ಬರಾದರೂ ಇರಬೇಕು ಅಂತ 2013ರ ರಾಷ್ಟ್ರೀಯ ಶಿಶು ಶಿಕ್ಷಣ ನೀತಿ ಹೇಳುತ್ತದೆ. ಮೂವತ್ತು ಮಕ್ಕಳ ಗುಂಪಿಗೆ ಕನಿಷ್ಠ 35 ಚದರ ಮೀಟರ್ ಕೋಣೆ, ಹೊರಗೆ 30 ಚದರ ಮೀಟರ್ ಆಟದ ಜಾಗ ಅಂತಲೂ ಅದರಲ್ಲಿದೆ. 35 ಚದರ ಮೀಟರ್ ಅಂದರೆ ಹೆಚ್ಚುಕಮ್ಮಿ ಇಪ್ಪತ್ತು ಅಡಿಗೆ ಹತ್ತೊಂಬತ್ತು ಅಡಿ. ಬೆಂಗಳೂರಿನ ಬಾಡಿಗೆಯಲ್ಲಿ ಎಷ್ಟು ಅಂಗನವಾಡಿಗಳಿಗೆ ಇಷ್ಟು ಜಾಗ ಸಿಕ್ಕೀತು ನೀವೇ ಯೋಚಿಸಿ. ಹತ್ತಿರದಲ್ಲಿ ಪಾರ್ಕ್ ಇದ್ದು ಟೀಚರ್ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ ಅಂದರೆ ಕೋಣೆ ಚಿಕ್ಕದಾದರೂ ನಾನು ಒಪ್ಪುತ್ತೇನೆ.

ಆಮೇಲೆ ಕಿವಿ ಕೊಡಿ. ಯಾರ ದನಿ ಜಾಸ್ತಿ ಕೇಳುತ್ತಿದೆ? ಟೀಚರ್ ಹೇಳುವುದು ಮಕ್ಕಳು ಒಟ್ಟಿಗೆ ಕೂಗುವುದು, ಇಷ್ಟೇ ನಡೆಯುತ್ತಿದ್ದರೆ ಮಕ್ಕಳು ಮಾತು ಕಲಿಯುವುದಿಲ್ಲ, ಕೂಗುವುದು ಕಲಿಯುತ್ತಾರೆ. ‘ಇವತ್ತು ಬರುವಾಗ ದಾರಿಯಲ್ಲಿ ಏನು ನೋಡಿದೆ’ ಅಂತ ಕೇಳಿ, ಮಗು ತಡವರಿಸಿ ಉತ್ತರ ಹುಡುಕುವ ತನಕ ಕಾಯುವ ಟೀಚರ್ ಸಿಕ್ಕರೆ ಆ ಜಾಗ ಬಿಡಬೇಡಿ. ಅಂಥವರಿದ್ದಾರೆ. ಶೀಟಿನ ಮಾಡು, ಫ್ಯಾನ್ ಇಲ್ಲ, ಆಚೆ ಮೋರಿ, ಆದರೂ ಒಳಗೆ ಇಪ್ಪತ್ತು ಮಕ್ಕಳು ಕಥೆ ಕೇಳುತ್ತಾ ಬಾಯಿ ಬಿಟ್ಟುಕೊಂಡು ಕೂತಿರುವುದನ್ನು ನಾನು ನೋಡಿದ್ದೇನೆ. ಟೈಲ್ಸ್ ಹಾಕಿದ, ಗೋಡೆ ತುಂಬ ಕಾರ್ಟೂನ್ ಬರೆಸಿದ ಕೋಣೆಯಲ್ಲಿ ಮಕ್ಕಳು ಕೈಕಟ್ಟಿ ಬಾಯಿ ಮೇಲೆ ಬೆರಳಿಟ್ಟು ಕೂತಿರುವುದನ್ನೂ ನೋಡಿದ್ದೇನೆ.

ಗೋಡೆ ನೋಡುವಾಗ ಮಕ್ಕಳೇ ಬರೆದ ಗೀಚು ಚಿತ್ರಗಳು ಎಲ್ಲಾದರೂ ಅಂಟಿಸಿದ್ದಾರಾ ನೋಡಿ. ಒಂದು ಮಗು ಅತ್ತರೆ ಏನು ಮಾಡುತ್ತಾರೆ ನೋಡಿ, ಅಳು ಬರಲಿಲ್ಲ ಅಂದರೆ ನಿಮ್ಮ ಮಗಳೇ ಅಳುತ್ತಾಳೆ, ಯೋಚನೆ ಬೇಡ. ಕೋಲು ಕಂಡರೆ ಅಲ್ಲಿಂದ ಎದ್ದು ಬನ್ನಿ.

ಸುರಕ್ಷತೆ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಬಾಡಿಗೆ ಕೋಣೆಯ ಅಂಗನವಾಡಿಯಲ್ಲಿ ಒಲೆ ಎಲ್ಲಿದೆ? ಮಕ್ಕಳು ಕೂರುವ ಕೋಣೆಯಲ್ಲೇ ಸಿಲಿಂಡರ್ ಇಟ್ಟು ಸಾಂಬಾರ್ ಕುದಿಸುತ್ತಿದ್ದರೆ ಬೇಡ. ಮಧ್ಯೆ ಗೋಡೆಯೋ ಬಾಗಿಲೋ ಇರಲೇಬೇಕು. ಟಾಯ್ಲೆಟ್ ಒಳಗಿದೆಯಾ, ನೀರು ಬರುತ್ತಾ, ಮಕ್ಕಳನ್ನು ಒಬ್ಬರೇ ಕಳಿಸುತ್ತಾರಾ ಅಥವಾ ಸಹಾಯಕಿ ಜೊತೆ ಹೋಗುತ್ತಾರಾ? ನೀರಿನ ಸಂಪಿಗೆ ಮುಚ್ಚಳ ಸರಿಯಾಗಿದೆಯಾ? ನಿಮ್ಮ ಕಡೆಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟುವ ಕೆಲಸ ನಡೆಯುತ್ತಲೇ ಇರುತ್ತದೆ, ಪಕ್ಕದ ಸೈಟಿನಲ್ಲಿ ಗುಂಡಿ ತೋಡಿರುತ್ತಾರೆ, ಟಿಪ್ಪರ್ ಲಾರಿಗಳು ಹಿಂದೆ ಮುಂದೆ ಆಡುತ್ತಿರುತ್ತವೆ. ಗೇಟಿಗೆ ಚಿಲಕ ಇದೆಯಾ, ಅದು ಮಕ್ಕಳ ಕೈಗೆ ಸಿಗುತ್ತಾ? ಇವಕ್ಕೆಲ್ಲ ಹೌದು ಇಲ್ಲ ಅಂತ ಖಚಿತ ಉತ್ತರ ಸಿಗಬೇಕು.

ಊಟದ ವಿಷಯದಲ್ಲಿ ಅಂಗನವಾಡಿಯನ್ನು ಹಗುರವಾಗಿ ನೋಡಬೇಡಿ. ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಇಷ್ಟು ಕ್ಯಾಲೊರಿ, ಇಷ್ಟು ಪ್ರೋಟೀನ್, ವರ್ಷಕ್ಕೆ 300 ದಿನ ಅಂತ ಲೆಕ್ಕ ಇದೆ. ಅನ್ನ ಸಾಂಬಾರ್, ಉಪ್ಪಿಟ್ಟು, ಕಾಳು, ಪುಷ್ಟಿ ಪುಡಿ, ಕ್ಷೀರಭಾಗ್ಯದ ಹಾಲು, ವಾರಕ್ಕೆ ಎರಡು ದಿನ ಮೊಟ್ಟೆ. ಮೊಟ್ಟೆ ತಿನ್ನುವ ಮನೆಯಾದರೆ ಅದು ಮಗುವಿನ ತಟ್ಟೆಗೆ ಬರುತ್ತಿದೆಯಾ ಅಂತ ಆಗಾಗ ಅವಳನ್ನೇ ಕೇಳುತ್ತಿರಿ. ಮಕ್ಕಳು ಈ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಶಾಲೆಗೆ ಅಂಟಿಕೊಂಡ ಎಲ್‌ಕೆಜಿ ಮಕ್ಕಳಿಗೂ ಬಿಸಿಯೂಟ ಕೊಡಬೇಕು ಅಂತ 2021ರಲ್ಲಿ ಕೇಂದ್ರ ಸರ್ಕಾರ ತೀರ್ಮಾನ ಮಾಡಿದೆ. ಬೆಂಗಳೂರಿನ ಬಹಳ ಶಾಲೆಗಳಿಗೆ ಊಟ ದೊಡ್ಡ ಅಡುಗೆಮನೆಗಳಿಂದ ವ್ಯಾನಿನಲ್ಲಿ ಬರುತ್ತದೆ. ಹತ್ತು ವರ್ಷದ ಹುಡುಗನಿಗೆ ಮಾಡಿದ ಖಾರ ನಾಲ್ಕು ವರ್ಷದ ಮಗುವಿಗೆ ಆಗುತ್ತದೆಯಾ ಅಂತ ಮುಂದಿನ ವರ್ಷ ಶಾಲೆಯಲ್ಲಿ ಕೇಳಿಕೊಳ್ಳಿ. ಇನ್ನೊಂದು, ಅಂಗನವಾಡಿಯಲ್ಲಿ ತೂಕ ಎತ್ತರ ನೋಡುತ್ತಾರೆ, ಜಂತುಹುಳದ ಮಾತ್ರೆ ಕೊಡುತ್ತಾರೆ. ಎಷ್ಟೋ ಪ್ರೈವೇಟ್ ಪ್ರೀಸ್ಕೂಲ್‌ಗಳಲ್ಲಿ ಇದು ಯಾವುದೂ ಇಲ್ಲ.

ಮಲಗಿಸುವುದು ತಪ್ಪಾ? ಈ ವಯಸ್ಸಿನ ಬಹಳ ಮಕ್ಕಳಿಗೆ ಮಧ್ಯಾಹ್ನ ಒಂದು ನಿದ್ದೆ ಬೇಕಾಗುತ್ತದೆ. ಯಜಮಾನರಿಗೆ ಹೇಳಿ, ಮಲಗಿಸದಿದ್ದರೆ ಸಂಜೆ ಆರೂವರೆಗೆ ನೀವು ಮನೆಗೆ ಬಂದಾಗ ಆ ರಂಪ ಸಹಿಸಬೇಕಾದವರು ಅವರೇ.

ನೀವು ಕೇಳದೇ ಇದ್ದರೂ ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ ಇಂಗ್ಲಿಷ್. ಸರ್ಕಾರಿ ಶಾಲೆಯ ಎಲ್‌ಕೆಜಿಗೆ ಜನ ಸಾಲು ನಿಲ್ಲುವುದು ಅದಕ್ಕೇ. 2019-20ರಿಂದ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿದರು, ಆಮೇಲೆ ಇನ್ನಷ್ಟು ಕಡೆ ಬಂತು. ನಾನು ಇಂಗ್ಲಿಷ್ ಬೇಡ ಅನ್ನುವವಳಲ್ಲ. ಆದರೆ ಮೂರೂವರೆ ವರ್ಷದಲ್ಲಿ ಅವಳಿಗೆ ಬೇಕಾಗಿರುವುದು ಯಾವುದಾದರೂ ಒಂದು ಭಾಷೆಯಲ್ಲಿ ಹೊಟ್ಟೆ ತುಂಬ ಮಾತು. ಏನಾಯಿತು, ಯಾಕೆ ಹಾಗಾಯಿತು, ಆಮೇಲೆ ಏನು ಅಂತ ಕನ್ನಡದಲ್ಲಿ ಒಂದು ಕಥೆಯನ್ನು ಕೊನೆ ತನಕ ಹೇಳಬಲ್ಲ ಮಗುವಿಗೆ ಆಮೇಲೆ ಇಂಗ್ಲಿಷ್ ಕಥೆ ಕಷ್ಟ ಆಗುವುದಿಲ್ಲ. ನಿಮ್ಮ ಕಡೆಯ ಅಂಗನವಾಡಿಯಲ್ಲಿ ಉತ್ತರ ಕರ್ನಾಟಕದ ಮಕ್ಕಳು, ತೆಲುಗು ಮಾತಾಡುವವರು, ಹಿಂದಿ ಮಾತಾಡುವವರು ಎಲ್ಲ ಇರುತ್ತಾರೆ. ಅವರೆಲ್ಲ ಆಟದಲ್ಲೇ ಒಬ್ಬರಿಂದ ಒಬ್ಬರು ಕಲಿಯುತ್ತಾರೆ.

ಬರೆಸುವುದರ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಈ ವಯಸ್ಸಿಗೆ ಎಬಿಸಿಡಿಯಾಗಲಿ ಅಆಇಈ ಆಗಲಿ ಪುಟಗಟ್ಟಲೆ ತಿದ್ದಿಸುವ ಜಾಗ ಬೇಡ. ಮಣಿಕಟ್ಟಿನ ಸಣ್ಣ ಮೂಳೆಗಳು ಇನ್ನೂ ಬಲಿಯುತ್ತಿರುತ್ತವೆ, ಬೆರಳಿಗೆ ಹಿಡಿತ ಬಂದಿರುವುದಿಲ್ಲ. ಮಣ್ಣಿನ ಉಂಡೆ ಮಾಡುವುದು, ಕಾಳು ಬೇರೆ ಮಾಡುವುದು, ಮಣಿ ಪೋಣಿಸುವುದು, ಅಂಗಿ ಗುಂಡಿ ಹಾಕಿಕೊಳ್ಳುವುದು, ಸೀಮೆಸುಣ್ಣದಲ್ಲಿ ನೆಲದ ಮೇಲೆ ದೊಡ್ಡದಾಗಿ ಗೀಚುವುದು ಇವೇ ಬರವಣಿಗೆಯ ತಯಾರಿ. ‘ಬರೀ ಆಟ ಆಡಿಸುತ್ತಾರೆ’ ಅನ್ನುವ ದೂರು ಅಂಗನವಾಡಿ ಬಗ್ಗೆ ಬಂದರೆ ನಾನು ಅದನ್ನು ಹೊಗಳಿಕೆ ಅಂತಲೇ ತೆಗೆದುಕೊಳ್ಳುತ್ತೇನೆ. ಮುಂದೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗೇ ಹಾಕುವುದಾದರೆ ಅಲ್ಲೂ ಒಂದರಿಂದ ಮೂರನೇ ಕ್ಲಾಸಿನ ತನಕ ನಲಿ-ಕಲಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು, ಮಗು ತನ್ನ ವೇಗಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವಂಥದ್ದು. ಅಕ್ಷರ ಗೊತ್ತಿಲ್ಲದೆ ಬಂದ ಮಗುವನ್ನೂ ಅಲ್ಲಿ ಮೊದಲಿನಿಂದ ಹತ್ತಿಸುತ್ತಾರೆ.

ನಿಮ್ಮ ಮನೆಯ ಪರಿಸ್ಥಿತಿಯಲ್ಲಿ ನಿಜವಾಗಿ ಕಷ್ಟ ಇರುವುದು ಸಮಯದ್ದು. ಅಂಗನವಾಡಿ ಸಂಜೆ ನಾಲ್ಕರ ಸುಮಾರಿಗೆ ಮುಗಿಯುತ್ತದೆ. ನೀವು ಬರುವುದು ಆರೂವರೆ. ಎರಡೂವರೆ ಗಂಟೆ ಅತ್ತೆಯವರ ಮೇಲೆ. ಮಂಡಿ ನೋವಿರುವ ಅಜ್ಜಿ ದಿನಾ ಎರಡು ಕಿಲೋಮೀಟರ್ ದೂರದ ಶಾಲೆಗೆ ಹೋಗಿ ಮಗು ಕರೆತರುವುದು ಆಗದ ಮಾತು. ಆಟೋಗೆ ಕೊಟ್ಟರೆ ಫ್ರೀ ಸ್ಕೂಲು ಫ್ರೀಯಾಗಿ ಉಳಿಯುವುದಿಲ್ಲ. ಹಿಂದಿನ ಬೀದಿಯ ಅಂಗನವಾಡಿಗೆ ನಾನು ಜಾಸ್ತಿ ಒಲವು ತೋರಿಸುತ್ತಿರುವುದು ಇದಕ್ಕೇ. ಎರಡು ಅಂಗನವಾಡಿಗಳಲ್ಲಿ ಟೀಚರ್ ಹೆಚ್ಚುಕಮ್ಮಿ ಒಂದೇ ಥರ ಇದ್ದಾರೆ ಅನ್ನಿಸಿದರೆ, ಸುರಕ್ಷತೆಯೂ ಸರಿಯಿದ್ದರೆ, ಕಣ್ಣು ಮುಚ್ಚಿಕೊಂಡು ಹತ್ತಿರದ್ದಕ್ಕೆ ಹಾಕಿ. ಮಾಂಟೆಸ್ಸರಿ ಬೋರ್ಡಿನದು ನಿಜಕ್ಕೂ ಮೇಲು ಅಂತ ಅನ್ನಿಸಿದರೆ, ಮತ್ತು ಅತ್ತೆ ಅಷ್ಟು ದೂರ ನಡೆಯಬಲ್ಲರಾದರೆ, ಅದಕ್ಕೆ.

ನೀವು ಕೆಲಸ ಮಾಡುವ ಕಡೆಯೂ ಒಂದು ಮಾತು ಕೇಳಿ. ಐವತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರದ ಸೌಲಭ್ಯ ಕೊಡಬೇಕು ಅಂತ ಕಾನೂನಿದೆ. ಎಷ್ಟೋ ಕಡೆ ಕಾಗದದ ಮೇಲೆ ಇರುತ್ತದೆ, ಯಾರೂ ಕೇಳುವುದಿಲ್ಲ. ನಾಲ್ಕೈದು ತಾಯಂದಿರು ಸೇರಿ ಕೇಳಿದರೆ ಬೀಗ ತೆಗೆಯಬಹುದು.

ಸೇರಿಸಿದ ಮೇಲೆ ಬಾಲವಿಕಾಸ ಸಮಿತಿ ಯಾರದ್ದು ಅಂತ ವಿಚಾರಿಸಿ. ಪ್ರತಿ ಅಂಗನವಾಡಿಗೂ ತಾಯಂದಿರು ಇರುವ ಈ ಸಮಿತಿ ಇರಬೇಕು. ಬಡಾವಣೆಯ ಓದಿದ ಹೆಣ್ಣುಮಕ್ಕಳು ಮಗುವನ್ನು ಸೇರಿಸುವುದಿಲ್ಲ, ಹಾಗಾಗಿ ಸಮಿತಿಗೂ ಬರುವುದಿಲ್ಲ, ಬಲ್ಬ್ ಹೋದರೂ ಕೇಳುವವರಿಲ್ಲ. ನೀವು ಹೋಗಿ. ಟೀಚರ್ ವಾರಗಟ್ಟಲೆ ಸಮೀಕ್ಷೆಗೆ ಹೋಗಿ ಸಹಾಯಕಿ ಒಬ್ಬರೇ ಕೋಣೆ ನೋಡಿಕೊಳ್ಳುತ್ತಿದ್ದರೆ ಟೀಚರ್ ಹತ್ತಿರ ಜಗಳ ಬೇಡ, ಅದು ಅವರ ಕೈಯಲ್ಲಿಲ್ಲ. ಮೇಲ್ವಿಚಾರಕಿಯವರಿಗೆ ಹೇಳಿ, ಆಗಲಿಲ್ಲ ಅಂದರೆ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಕಚೇರಿಗೆ ಬರವಣಿಗೆಯಲ್ಲಿ ಕೊಡಿ.

ಶಾಲೆಯ ಎಲ್‌ಕೆಜಿ ಸೀಟಿಗೆ 2027ರ ಏಪ್ರಿಲ್‌ನಲ್ಲೇ ಹೋಗಿ ವಿಚಾರಿಸಿ, ಜೂನ್ ತನಕ ಕಾದರೆ ಸೀಟು ತುಂಬಿರುತ್ತದೆ. ಆವತ್ತು ಮೂರು ವಿಷಯ ಕೇಳಿ. ಈಗಿನ ಎಲ್‌ಕೆಜಿ ಮಿಸ್ ಎಷ್ಟು ವರ್ಷದಿಂದ ಇದ್ದಾರೆ, ಮಕ್ಕಳನ್ನು ಎಷ್ಟು ಗಂಟೆಗೆ ಬಿಡುತ್ತಾರೆ, ಚಿಕ್ಕ ಮಕ್ಕಳಿಗೆ ಬೇರೆ ಟಾಯ್ಲೆಟ್ ಇದೆಯಾ. ಕೇಂದ್ರೀಯ ವಿದ್ಯಾಲಯಗಳಲ್ಲೂ ಕೆಲವು ಕಡೆ ಬಾಲವಾಟಿಕಾ, ಅಂದರೆ ಒಂದನೇ ಕ್ಲಾಸಿಗೆ ಮುಂಚಿನ ತರಗತಿ, ಇದೆ, ಆದರೆ ಅಲ್ಲಿ ಮೊದಲ ಪಾಲು ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ. ಅದನ್ನೇ ನಂಬಿ ಕೂರಬೇಡಿ, ಬೇಕಾದರೆ ಅರ್ಜಿ ಹಾಕಿಡಿ.

ಕಾಗದಪತ್ರಕ್ಕೆ ಜನನ ಪ್ರಮಾಣಪತ್ರ, ಮಗುವಿನ ಆಧಾರ್, ತಾಯಿ ಕಾರ್ಡ್ ಇದ್ದರೆ ಅನುಕೂಲ. ಆಧಾರ್ ಇನ್ನೂ ಆಗಿಲ್ಲ ಅಂತ ಅಂಗನವಾಡಿಗೆ ಹೋಗುವುದನ್ನು ಮುಂದಕ್ಕೆ ಹಾಕಬೇಡಿ. ಜನನ ಪ್ರಮಾಣಪತ್ರ ತೆಗೆದು ಇವತ್ತೇ ಒಂದು ಸಲ ನೋಡಿ. ಆಸ್ಪತ್ರೆಯಿಂದ ಬಂದಾಗ ಮಗುವಿಗೆ ಹೆಸರಿಟ್ಟಿರುವುದಿಲ್ಲ, ಆ ಜಾಗ ಖಾಲಿ ಉಳಿದಿರುತ್ತದೆ. ಖಾಲಿ ಇದ್ದರೆ ನೋಂದಣಿ ಆದ ಕಚೇರಿಯಲ್ಲಿ ಹೆಸರು ಸೇರಿಸಿಕೊಳ್ಳಿ, ಆಧಾರ್‌ನಲ್ಲೂ ಅದೇ ಕಾಗುಣಿತ ಇರಲಿ. ಎಲ್‌ಕೆಜಿ ಸೀಟು ಕೇಳಲು ಹೋದ ದಿನ ಇದಕ್ಕೆ ಓಡಾಡುವುದು ಬೇಡ.